ಮೆಚ್ಚುಗೆ ಬೇರೆ, ಮಾರಾಟ ಬೇರೆ

ಫೇಸ್‌ಬುಕ್ಕಿನಲ್ಲಿ ಮೆಚ್ಚುಗೆ ಹೆಚ್ಚಿದರೆ ವ್ಯಾಪಾರವೂ ಹೆಚ್ಚುವುದೆಂದು ಅನೇಕ ವರ್ತಕರು ನಂಬಿರುವರು. ಇದು ಭ್ರಮೆ. ಮೆಚ್ಚುವುದಕ್ಕೆ ಬೆರಳು ಸಾಕು. ಕೊಳ್ಳುವುದಕ್ಕೆ ಹಣ ಬೇಕು. ಜಾಹೀರಾತಿನ ತರುವಾಯ ಮಾರಾಟವು ಏರಿದರೂ ಜಾಹೀರಾತೇ ಕಾರಣವೆನ್ನಲಾಗದು. 2004ರಲ್ಲಿ ಫೇಸ್‌ಬುಕ್ ಹುಟ್ಟುವ ಬಹು ಮೊದಲೇ ಧಾರವಾಡದ ಪೇಢೆ ಮನೆಮಾತಾಗಿದ್ದಿತು. ದೀಪಾವಳಿಯಲ್ಲಿ ಅದು ತಾನಾಗಿಯೇ ಹೆಚ್ಚು ಬಿಕರಿಯಾಗುತ್ತದೆ.

ಹಾಗಾದರೆ ನಿಜವನ್ನು ಅರಿಯುವುದೆಂತು? ಪ್ರಯೋಗದಿಂದ. ಸಾಮಾಜಿಕ ಜಾಲತಾಣದ ಜಾಹೀರಾತನ್ನು ಒಂದೇ ಊರಿಗೆ ಸೀಮಿತಗೊಳಿಸಬಹುದು. ಎರಡೂ ಊರುಗಳಲ್ಲಿ ಅಂಗಡಿಯುಳ್ಳವನು ಅದನ್ನು ಹುಬ್ಬಳ್ಳಿಯಲ್ಲಿ ಮಾತ್ರ ತೋರಿಸಲಿ. ಸುಮಾರು 20 ಕಿಲೋಮೀಟರ್ ದೂರದ ಧಾರವಾಡದಲ್ಲಿ ಬೇಡ. ಹಬ್ಬವೂ ಸಂಬಳದ ದಿನವೂ ಎರಡಕ್ಕೂ ಸಮಾನ. ಮರುತಿಂಗಳು ಊರುಗಳನ್ನು ಅದಲುಬದಲು ಮಾಡಲಿ. ಜಾಹೀರಾತು ಹೋದಲ್ಲೆಲ್ಲ ಮಾರಾಟವು ಹೆಚ್ಚಿದರೆ ಫಲವುಂಟೆಂದು ತಿಳಿಯಬಹುದು.

ಸಣ್ಣ ವರ್ತಕನ ಹಣವನ್ನು ಕಾಯುವುದು ಮೆಚ್ಚುಗೆಯ ಎಣಿಕೆಯಲ್ಲ, ಈ ಹೋಲಿಕೆ. ಪ್ರಯೋಗಶಾಲೆಯ ವಿವೇಕವು ಪೇಟೆಯಲ್ಲಿಯೂ ಸಲ್ಲುತ್ತದೆ.