ಯುದ್ಧದ ರಾತ್ರಿ ಜಾಗರಣೆ: ವಿದ್ಯಾರ್ಥಿಗಳ ಪ್ರಣಾಳಿಕೆ

ನಾವು ಕರ್ನಾಟಕದ ಕಾಲೇಜುಗಳಲ್ಲಿ ಓದುತ್ತಿರುವವರು. ಯುದ್ಧ ನಡೆಯುವಾಗ ಕಾಲೇಜು ಬಾಯಿ ಮುಚ್ಚಿ ಕೂರಬಾರದು ಎಂಬ ಒಂದೇ ಮಾತಿಗಾಗಿ ಈ ಚಳವಳಿ ಕಟ್ಟುತ್ತಿದ್ದೇವೆ. ಯುದ್ಧವನ್ನು ಯಾರು ತೀರ್ಮಾನಿಸುತ್ತಾರೆ, ಯಾರು ಸಾಯುತ್ತಾರೆ, ಯಾರ ಗಂಟು ಬೆಳೆಯುತ್ತದೆ ಎಂದು ಓದಿ, ಕೇಳಿ, ಎದುರುಬದುರು ಕೂತು ವಾದಿಸುವ ಜಾಗ ನಮಗೆ ಬೇಕು. ಆ ಜಾಗ ಕಾಲೇಜಲ್ಲದೆ ಮತ್ತೆಲ್ಲಿ ಸಿಕ್ಕೀತು?

ಯುದ್ಧ ದೂರದ್ದು ಎನ್ನುವವರಿಗೆ ನಮ್ಮ ಉತ್ತರ ಇದು. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಸಿಕ್ಕಿ ಸತ್ತವನು ಹಾವೇರಿ ಜಿಲ್ಲೆಯಿಂದ ವೈದ್ಯಕೀಯ ಓದಲು ಹೋಗಿದ್ದ ಹುಡುಗ. ಅದೇ ವರ್ಷ ನಮ್ಮ ಅಡುಗೆಮನೆಗಳಲ್ಲಿ ಸೂರ್ಯಕಾಂತಿ ಎಣ್ಣೆಯ ಬೆಲೆ ಏರಿದ್ದೂ ಅದೇ ಯುದ್ಧದಿಂದ. ಇನ್ನು ಮಾತಿನ ಬೆಲೆ. 2025ರ ಮೇ ತಿಂಗಳಲ್ಲಿ ಭಾರತ ಮತ್ತು ಪಾಕಿಸ್ತಾನದ ನಡುವೆ ಸಂಘರ್ಷ ನಡೆದಾಗ ಪುಣೆಯ 19 ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿನಿಯೊಬ್ಬಳು ಜಾಲತಾಣದಲ್ಲಿ ಒಂದು ಪೋಸ್ಟ್ ಹಂಚಿಕೊಂಡಳು. ಬೇಗನೆ ಅಳಿಸಿ ಕ್ಷಮೆ ಕೇಳಿದರೂ ಕಾಲೇಜು ಅವಳನ್ನು ಹೊರಹಾಕಿತು, ಪೊಲೀಸರು ಬಂಧಿಸಿದರು. ಬಾಂಬೆ ಹೈಕೋರ್ಟ್ ಮಧ್ಯೆ ಬಂದು ಬಿಡಿಸಿದ ಮೇಲೆಯೇ ಅವಳು ಪರೀಕ್ಷೆಗೆ ಕೂರುವಂತಾಯಿತು. ಅವಳು ಹಂಚಿಕೊಂಡ ಮಾತನ್ನು ಒಪ್ಪುವುದೂ ಬಿಡುವುದೂ ಬೇರೆ ವಿಚಾರ. ತಪ್ಪಿದ್ದರೆ ತಿದ್ದಲು ಕಾಲೇಜಿನಲ್ಲಿ ಮೇಷ್ಟ್ರುಗಳಿದ್ದರು. ಅವರಿಗಿಂತ ಮೊದಲು ಪೊಲೀಸ್ ಜೀಪು ಬಂದದ್ದು ನಮಗೆ ಸಹಿಸಲಾಗದ ಸಂಗತಿ.

ನಮಗೆ ದಾರಿ ತೋರಿಸಿದ್ದು ಒಂದು ರಾತ್ರಿ. 1965ರ ಮಾರ್ಚ್‌ನಲ್ಲಿ ಅಮೆರಿಕದ ಮರೀನ್ ಪಡೆಯ ಸೈನಿಕರು ವಿಯೆಟ್ನಾಮಿನ ಡಾ ನಾಂಗ್‌ನಲ್ಲಿ ಇಳಿದಿದ್ದರು, ಉತ್ತರ ವಿಯೆಟ್ನಾಮಿನ ಮೇಲೆ ಬಾಂಬುಗಳ ಮಳೆ ಶುರುವಾಗಿತ್ತು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಕೆಲವು ಅಧ್ಯಾಪಕರು ಒಂದು ದಿನ ಪಾಠ ನಿಲ್ಲಿಸಿ ಪ್ರತಿಭಟಿಸುತ್ತೇವೆಂದರು. ರಾಜ್ಯಪಾಲರಿಂದ ಹಿಡಿದು ಶಾಸಕರವರೆಗೆ ಎಲ್ಲರೂ ಮೇಲೆ ಬಿದ್ದರು. ಆಗ ಮಾನವಶಾಸ್ತ್ರಜ್ಞ ಮಾರ್ಷಲ್ ಸಾಲಿನ್ಸ್ ಯೋಚನೆಯನ್ನೇ ತಿರುಗಿಸಿದರು: ಪಾಠ ನಿಲ್ಲಿಸುವುದು ಬೇಡ, ಹೆಚ್ಚು ಪಾಠ ಮಾಡೋಣ, ರಾತ್ರಿಯಿಡೀ ಮಾಡೋಣ. ಮಾರ್ಚ್ 24ರ ರಾತ್ರಿ ಸುಮಾರು 3,000 ಜನ ಬಂದರು. ಯುದ್ಧವನ್ನು ಬೆಂಬಲಿಸುವವರೂ ಬಂದು ವಾದ ಮಾಡಿದರು. ಬಾಂಬ್ ಇಟ್ಟಿದ್ದೇವೆಂಬ ಬೆದರಿಕೆ ಬಂದು ಸಭಾಂಗಣ ಖಾಲಿ ಮಾಡಬೇಕಾದಾಗ ಕೊರೆಯುವ ಚಳಿಯಲ್ಲಿ ಹೊರಗೆ ನಿಂತರು. ವಿದ್ಯಾರ್ಥಿನಿಯರು ಇಂತಿಷ್ಟು ಹೊತ್ತಿಗೆ ಹಾಸ್ಟೆಲ್ ಸೇರಬೇಕೆಂಬ ಕಟ್ಟಳೆಯನ್ನು ಆ ಒಂದು ರಾತ್ರಿಗೆ ಸಡಿಲಿಸಲಾಗಿತ್ತು. ಅರವತ್ತು ವರ್ಷ ಕಳೆದರೂ ನಮ್ಮಲ್ಲಿ ಹೆಣ್ಣುಮಕ್ಕಳ ಎಷ್ಟೋ ಹಾಸ್ಟೆಲುಗಳ ಗೇಟಿಗೆ ಕತ್ತಲಾಗುವ ಮೊದಲೇ ಬೀಗ ಬೀಳುತ್ತದೆ. ಇದನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆವು.

ಆ ರಾತ್ರಿಯ ಮಾದರಿ ಕೆಲವೇ ವಾರಗಳಲ್ಲಿ ಹತ್ತಾರು ವಿಶ್ವವಿದ್ಯಾಲಯಗಳಿಗೆ ಹರಡಿತು. ಯುದ್ಧ ಮಾತ್ರ ಕೂಡಲೇ ನಿಲ್ಲಲಿಲ್ಲ. 58,000ಕ್ಕೂ ಹೆಚ್ಚು ಅಮೆರಿಕನ್ ಸೈನಿಕರೂ ಲಕ್ಷ ಲಕ್ಷ ವಿಯೆಟ್ನಾಮೀಯರೂ ಸತ್ತರು. ಆ ಸೈನಿಕರು ಯಾರ ಮನೆಯ ಮಕ್ಕಳು ಎಂಬುದು ನಮ್ಮನ್ನು ಕಾಡುತ್ತದೆ. ಪೂರ್ಣಾವಧಿ ಕಾಲೇಜು ವಿದ್ಯಾರ್ಥಿಗಳಿಗೆ ಕಡ್ಡಾಯ ಸೇನಾ ಭರ್ತಿಯನ್ನು ಮುಂದೂಡುವ ಸವಲತ್ತು ಇತ್ತು. ಶುಲ್ಕ ಕಟ್ಟಲಾರದವರು, ಕಾರ್ಮಿಕರ ಮಕ್ಕಳು, ಕಪ್ಪು ಜನರ ಮಕ್ಕಳು ವಿಯೆಟ್ನಾಮಿನ ಕಾಡಿಗೆ ಹೋದರು. ಯಾರನ್ನು ಮೊದಲು ಭರ್ತಿ ಮಾಡಬೇಕೆಂದು 1969ರ ಡಿಸೆಂಬರ್ 1ರಂದು ಗಾಜಿನ ಪಾತ್ರೆಯಲ್ಲಿ 366 ಜನ್ಮದಿನಗಳ ಚೀಟಿ ಹಾಕಿ ಎತ್ತಿದ ಮೇಲೂ ಸ್ವಲ್ಪ ಕಾಲ ಆ ಸವಲತ್ತು ಉಳಿದೇ ಇತ್ತು. ಯುದ್ಧವನ್ನು ಗಟ್ಟಿಯಾಗಿ ವಿರೋಧಿಸಿದವರಲ್ಲಿ ಅನೇಕರು ಅದೇ ಸವಲತ್ತಿನಿಂದ ಭರ್ತಿ ತಪ್ಪಿಸಿಕೊಂಡವರೇ.

ನಮ್ಮಲ್ಲಿ ಕಡ್ಡಾಯ ಭರ್ತಿ ಇಲ್ಲ. ಆದರೆ ಬೆಳಗಾವಿಯ ಭರ್ತಿ ರ‍್ಯಾಲಿಯಲ್ಲಿ ನಸುಕಿಗೇ ಬರಿಗಾಲಲ್ಲಿ ಓಡುವವರು ಯಾರು? ಎರಡು ಎಕರೆ ಒಣಬೇಸಾಯದ ಮನೆಯ ಮಗ, ಪಿಯುಸಿ ಮುಗಿಸಿ ಕೆಲಸ ಸಿಗದವನು. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ನಾಲ್ಕು ವರ್ಷದ ನಂತರ ಸೇನೆಯಲ್ಲಿ ಉಳಿಯುವವರು ಗರಿಷ್ಠ ಶೇ. 25. ಆದ್ದರಿಂದ ಈ ಚಳವಳಿ ಸೈನಿಕನ ವಿರುದ್ಧ ಒಂದಕ್ಷರವನ್ನೂ ಆಡುವುದಿಲ್ಲ. ಅವನೂ ನಮ್ಮ ಬೆಂಚಿನಲ್ಲೇ ಕೂತಿದ್ದವನು. ಅವನು ಬರಬೇಕು, ಅವನ ತಾಯಿ ಬರಬೇಕು, ಕೊಡಗಿನ ನಿವೃತ್ತ ಯೋಧರು ಬರಬೇಕು. ಯುದ್ಧ ಕಂಡವರ ಮಾತನ್ನು ಟೀವಿ ಸ್ಟುಡಿಯೋದ ಅಬ್ಬರಕ್ಕಿಂತ ಮೊದಲು ನಾವು ಕೇಳಬೇಕು.

ಬೆಂಗಳೂರಿನ ಗೆಳೆಯರಿಗೆ ಇನ್ನೊಂದು ಮಾತು. ಎಚ್‌ಎಎಲ್, ಬಿಇಎಲ್, ಡಿಆರ್‌ಡಿಒ ಪ್ರಯೋಗಾಲಯಗಳಿರುವ ಊರು ಇದು. ಕ್ಯಾಂಪಸ್ ಸಂದರ್ಶನದಲ್ಲಿ ಗೆದ್ದ ಹುಡುಗಿ ನಾಳೆ ಬರೆಯುವ ಪ್ರೋಗ್ರಾಂ ಒಂದು ಕ್ಷಿಪಣಿಯ ಗುರಿ ತಿದ್ದಬಹುದು. ದೇಶದ ರಕ್ಷಣೆಗೆ ಅದು ಬೇಕು ಎನ್ನುವವರೂ ನಮ್ಮಲ್ಲಿದ್ದಾರೆ, ಬೇಡ ಎನ್ನುವವರೂ ಇದ್ದಾರೆ. ತಿಳಿದು ಮಾಡಬೇಕು ಎಂಬುದರಲ್ಲಿ ನಮ್ಮೆಲ್ಲರದೂ ಒಂದೇ ದನಿ. 1968ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ತಮ್ಮ ವಿದ್ಯಾಲಯಕ್ಕೂ ಯುದ್ಧ ಸಂಶೋಧನೆಗೂ ಇದ್ದ ನಂಟನ್ನೇ ಪ್ರಶ್ನಿಸಿ ಕಟ್ಟಡಗಳಲ್ಲಿ ಕೂತರು.

ಪ್ರಶ್ನೆಗೆ ಗುಂಡು ಉತ್ತರವಾದದ್ದೂ ಉಂಟು. 1970ರ ಮೇ 4ರಂದು ಓಹಾಯೋದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನ್ಯಾಷನಲ್ ಗಾರ್ಡ್ ಪಡೆ ವಿದ್ಯಾರ್ಥಿಗಳ ಮೇಲೆ 13 ಸೆಕೆಂಡುಗಳಲ್ಲಿ 67 ಗುಂಡು ಹಾರಿಸಿತು, ನಾಲ್ವರು ಸತ್ತರು. ಹನ್ನೊಂದೇ ದಿನಗಳ ಅಂತರದಲ್ಲಿ ಮಿಸಿಸಿಪ್ಪಿಯ ಜಾಕ್ಸನ್ ಸ್ಟೇಟ್ ಕಾಲೇಜಿನಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಕಪ್ಪು ಯುವಕರು ಸತ್ತರು; ಅವರನ್ನು ನೆನೆಯುವವರು ಕಡಿಮೆ. ನಮ್ಮ ನೆಲದಲ್ಲೂ ಎರಡನೇ ಮಹಾಯುದ್ಧದ ನಡುವೆ, 1942ರಲ್ಲಿ, ಹುಬ್ಬಳ್ಳಿಯ ಶಾಲಾ ಬಾಲಕ ನಾರಾಯಣ ಡೋಣಿ ಪೊಲೀಸರ ಗುಂಡಿಗೆ ಬಲಿಯಾದ. ಅದೇ ವರ್ಷ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದುತ್ತಿದ್ದ ಎಚ್. ನರಸಿಂಹಯ್ಯ ಸ್ವಾತಂತ್ರ್ಯ ಹೋರಾಟಕ್ಕಾಗಿ ಓದು ಬಿಟ್ಟು ಜೈಲಿಗೆ ಹೋದರು. ಬಂದು ಓದು ಮುಗಿಸಿದರು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಯಾದರು, ಪ್ರಶ್ನೆ ಕೇಳುವುದನ್ನು ಕೊನೆಯವರೆಗೂ ಬಿಡಲಿಲ್ಲ. ಹೋರಾಟಕ್ಕಿಳಿದರೆ ಓದು ಹಾಳು ಎಂದು ಹೆದರಿಸುವ ಹಿರಿಯರು ಅವರ ಬದುಕನ್ನು ಒಮ್ಮೆ ನೋಡಲಿ.

ಕಲ್ಲು, ಬೆಂಕಿ ನಮ್ಮ ದಾರಿಯಲ್ಲ. ಈ ವಿಷಯದಲ್ಲಿ ವಿನಾಯಿತಿ ಇಲ್ಲ. 1970ರ ಆಗಸ್ಟ್‌ನಲ್ಲಿ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ಯುದ್ಧವಿರೋಧಿಗಳೇ ಇಟ್ಟ ಬಾಂಬಿಗೆ ಸತ್ತವರು ಸೇನೆಯ ಕೆಲಸಕ್ಕೆ ಸಂಬಂಧವೇ ಇಲ್ಲದ, ಮೂರು ಮಕ್ಕಳ ತಂದೆಯಾಗಿದ್ದ ಒಬ್ಬ ಭೌತವಿಜ್ಞಾನಿ.

ನಾವು ಮಾಡುವುದು ಇಷ್ಟೇ. ನಮ್ಮನ್ನು ತಟ್ಟುವ ಯುದ್ಧ ಶುರುವಾದಾಗ, ಅದು ಯಾರದೇ ಇರಲಿ, ಪ್ರತಿ ಕಾಲೇಜಿನಲ್ಲಿ ಒಂದು ರಾತ್ರಿ ಜಾಗರಣೆ ಕೂರುತ್ತೇವೆ. ನಕ್ಷೆ ಬಿಡಿಸುತ್ತೇವೆ, ಬಜೆಟ್ ಓದುತ್ತೇವೆ, ಎರಡೂ ಕಡೆಯ ಸತ್ತವರ ಲೆಕ್ಕ ಹೇಳುತ್ತೇವೆ. ನಮ್ಮ ಜೊತೆ ಒಪ್ಪದವರಿಗೆ ಮೊದಲ ಸಾಲಿನಲ್ಲಿ ಜಾಗ ಬಿಡುತ್ತೇವೆ. ಆ ರಾತ್ರಿ ಹೆಣ್ಣುಮಕ್ಕಳ ಹಾಸ್ಟೆಲಿನ ಗೇಟು ತೆರೆದಿರಬೇಕು. ಪ್ರತಿಭಟಿಸುವುದಿಲ್ಲವೆಂದು ಪ್ರವೇಶದ ವೇಳೆ ಮುಚ್ಚಳಿಕೆ ಬರೆಸಿಕೊಳ್ಳುವ ಪದ್ಧತಿ ಎಲ್ಲೇ ಇದ್ದರೂ ಹೋಗಬೇಕು. ಜಾಲತಾಣದ ಒಂದು ಸಾಲಿಗಾಗಿ, ವಿಚಾರಣೆಯೂ ಇಲ್ಲದೆ, ಯಾರ ಪರೀಕ್ಷೆಯನ್ನೂ ತಪ್ಪಿಸಬಾರದು. ರಾಜ್ಯದಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಂತು ಮೂರು ದಶಕ ದಾಟಿತು. 18 ತುಂಬಿದವರಿಗೆ 1989ರಿಂದ ಮತದ ಹಕ್ಕಿದೆ. ಸಂಸದರನ್ನು ಆರಿಸುವ ನಾವು ನಮ್ಮ ಕಾಲೇಜಿನ ಪ್ರತಿನಿಧಿಯನ್ನು ಆರಿಸಬಾರದೆ?

ಮೇಷ್ಟ್ರೇ, ಮೇಡಂ, ಮಿಷಿಗನ್‌ನಲ್ಲಿ ಮೊದಲು ಎದ್ದು ನಿಂತವರು ಅಧ್ಯಾಪಕರು. ನೀವು ಒಂದು ಗಂಟೆ ಪಾಠ ಮಾಡಲು ಒಪ್ಪಿದರೆ ಉಳಿದ ರಾತ್ರಿಯನ್ನು ನಾವು ನೋಡಿಕೊಳ್ಳುತ್ತೇವೆ. ಗೆಳೆಯರೇ, ನಿಮ್ಮ ಕಾಲೇಜಿನಲ್ಲಿ ಐದು ಜನ ಸೇರಿ ಪ್ರಾಂಶುಪಾಲರಿಗೆ ಒಂದು ಅರ್ಜಿ ಬರೆಯಿರಿ, ಒಂದು ಸಭಾಂಗಣ ಕೇಳಿ. ಕೊಡದಿದ್ದರೆ ಮರದ ಕೆಳಗೆ ಕೂರೋಣ, ಬನ್ನಿ.