ಇಂಗಿನ ಡಬ್ಬಿ ಹಿಂದೆ ಏನ್ ಬರದದ?

ನನ್ನ ರೂಮ್‌ಮೇಟ್ ಕಮಲಾಪುರದವನು. ಕೆಂಪು ಬಾಳೆಹಣ್ಣಿಗೆ ಜಿಐ ಟ್ಯಾಗ್ ಸಿಕ್ಕ ಊರು. ಹೋದ ವರ್ಷ ಅವನಿಗೆ ಸೀಲಿಯಾಕ್ ಕಾಯಿಲೆ ಇದೆ ಅಂತ ಗೊತ್ತಾಯಿತು. ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಅನ್ನೋ ಪ್ರೋಟೀನ್ ಹೊಟ್ಟೆಗೆ ಹೋದರೆ ಇವರ ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಸಣ್ಣ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಇದಕ್ಕೆ ಗುಳಿಗೆ ಇಲ್ಲ. ಜೀವನಪೂರ್ತಿ ಗ್ಲುಟೆನ್ ಬಿಡಬೇಕು, ಅಷ್ಟೇ.

"ಅದಕ್ಯಾಕ ಚಿಂತಿ ಮಾಡ್ತಿ? ನಾವು ಜೋಳದ ರೊಟ್ಟಿ ತಿನ್ನೋ ಮಂದಿ" ಅಂದೆವು. ಅದು ಸುಳ್ಳೇನಲ್ಲ. ಜೋಳ, ಸಜ್ಜೆ, ಅಕ್ಕಿ, ತೊಗರಿ ಯಾವುದರಲ್ಲೂ ಗ್ಲುಟೆನ್ ಇಲ್ಲ. ಚಪಾತಿ, ಉಪ್ಪಿಟ್ಟು, ಗೋಬಿ ಮಂಚೂರಿ ಎಲ್ಲ ಬಿಟ್ಟ. ರೂಮಿನಲ್ಲೇ ಅನ್ನ, ಬೇಳೆ ಮಾಡಿಕೊಂಡ. ಆದರೂ ಹೊಟ್ಟೆನೋವು, ಭೇದಿ ನಿಲ್ಲಲಿಲ್ಲ. ಎರಡು ಇಂಟರ್ನಲ್ಸ್ ಹೋದವು.

ಒಂದು ರಾತ್ರಿ ಅಡುಗೆ ಸಾಮಾನೆಲ್ಲ ಮಂಚದ ಮೇಲೆ ಸುರಿದು ಒಂದೊಂದರ ಹಿಂದಿನ ಸಣ್ಣ ಅಕ್ಷರ ಓದಿದೆವು. ಒಗ್ಗರಣೆಗೆ ಹಾಕುತ್ತಿದ್ದ ಇಂಗಿನ ಡಬ್ಬಿಯಲ್ಲಿ ಗೋಧಿ ಹಿಟ್ಟು! ನಾವು ಅಂಗಡಿಯಲ್ಲಿ ಕೊಳ್ಳುವ ಇಂಗು ಬಹುತೇಕ ಬಂಧಾನಿ ಇಂಗು. ಅಫ್ಘಾನಿಸ್ತಾನ, ಇರಾನ್ ಕಡೆಯಿಂದ ಬರುವ ಗಾಢ ವಾಸನೆಯ ಅಂಟಿಗೆ ಗೋಂದು ಮತ್ತು ಹಿಟ್ಟು ಬೆರೆಸಿ ಮಾಡಿದ್ದು. ಹಾಗೆ ಬೆರೆಸೋದಕ್ಕೆ ಕಾನೂನಿನಲ್ಲೇ ಅವಕಾಶ ಇದೆ. ಕೆಲವರು ಅಕ್ಕಿ ಹಿಟ್ಟು ಹಾಕುತ್ತಾರೆ, ಹಲವರು ಗೋಧಿ. ಅವನ ಎಲ್ಲಾ ನೋವಿಗೂ ಇಂಗೊಂದೇ ಕಾರಣ ಅಂತ ನಾನು ಆಣೆ ಮಾಡೋದಿಲ್ಲ. ಅದೇ ಮಂಚದ ಮೇಲೆ ಸೋಯಾ ಸಾಸ್ ಇತ್ತು (ಗೋಧಿ), ಕಾರ್ನ್‌ಫ್ಲೇಕ್ಸ್ ಇತ್ತು (ಬಾರ್ಲಿ ಮಾಲ್ಟ್), ಮುಂದೆ ದೊಡ್ಡದಾಗಿ ಜೋಳದ ತೆನೆ ಚಿತ್ರ ಇದ್ದ ಬಿಸ್ಕತ್ತಿತ್ತು. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕು ಅಂತ ನಿಯಮ. ಆ ಬಿಸ್ಕತ್ತಿನ ಪಟ್ಟಿಯಲ್ಲಿ ಮೊದಲ ಹೆಸರೇ ಮೈದಾ.

"ಚಿಟಿಕೆ ಇಂಗಿನಿಂದ ಏನಾಗ್ತದ" ಅನ್ನೋರಿಗೆ ಒಂದು ಲೆಕ್ಕ. ನಮ್ಮ ದೇಶದಲ್ಲಿ 'ಗ್ಲುಟೆನ್ ಫ್ರೀ' ಅನ್ನಬೇಕಾದರೆ ಕಿಲೋಗೆ 20 ಮಿಲಿಗ್ರಾಂ ಒಳಗಿರಬೇಕು. ಒಂದು ಗ್ರಾಂ ಗೋಧಿ ಹಿಟ್ಟಿನಲ್ಲಿ ಸುಮಾರು 80 ಮಿಲಿಗ್ರಾಂ ಗ್ಲುಟೆನ್ ಇರುತ್ತದೆ. ಅಂದರೆ ಒಂದೇ ಗ್ರಾಂ ಗೋಧಿ ಹಿಟ್ಟು ನಾಲ್ಕು ಕಿಲೋ ಜೋಳದ ಹಿಟ್ಟನ್ನು ಆ ಮಿತಿಗೆ ತಂದು ನಿಲ್ಲಿಸುತ್ತದೆ. ಗಿರಣಿಯಲ್ಲಿ ಗೋಧಿ ಬೀಸಿದ ಬೆನ್ನಿಗೇ ಜೋಳ ಹಾಕಿದರೆ ಎಷ್ಟು ಗ್ರಾಂ ಸೇರಬಹುದು, ನೀವೇ ಅಂದಾಜು ಮಾಡಿ.

ನನ್ನ ತಕರಾರು ಇರೋದು ಬೇರೆ ಕಡೆ. ಇಂಗ್ಲಿಷ್ ಓದೋ ನಮಗೇ ಇಷ್ಟು ದಿನ ಹಿಡಿಯಿತು. ದೀಪಾವಳಿ ರಜೆಗೆ ಅವನ ಜೊತೆ ಕಮಲಾಪುರಕ್ಕೆ ಹೋಗಿದ್ದೆ. ಅವನ ಅವ್ವ ಕನ್ನಡ ಚೆನ್ನಾಗಿ ಓದುತ್ತಾರೆ. ಮಸಾಲೆ ಪ್ಯಾಕೆಟ್ ತಿರುಗಿಸಿ ತಿರುಗಿಸಿ ನೋಡಿ ನನ್ನ ಕೈಗೆ ಕೊಟ್ಟರು. "ತಮ್ಮಾ, ಇದ್ರಾಗ ಗೋದಿ ಅದ ಏನ್ ನೋಡಪಾ. ಕನ್ನಡದಾಗ ಬರದ್ರ ಇವರ ಗಂಟೇನ್ ಹೋಗ್ತದ?"

ಏನೂ ಹೋಗಲ್ಲ, ಆದರೆ ಬರೆಯಲೇಬೇಕು ಅಂತಲೂ ಇಲ್ಲ. 2020ರ ಕೇಂದ್ರದ ಲೇಬಲಿಂಗ್ ನಿಯಮದ ಪ್ರಕಾರ ಗ್ಲುಟೆನ್ ಇರುವ ಧಾನ್ಯ ಬಳಸಿದ್ದರೆ ಬೇರೆಯಾಗಿ ತಿಳಿಸಬೇಕು. ಒಳ್ಳೇ ನಿಯಮವೇ. ಆದರೆ ಭಾಷೆ ಇಂಗ್ಲಿಷ್ ಅಥವಾ ಹಿಂದಿ ಆಗಿದ್ದರೆ ಸಾಕು, ಉಳಿದ ಭಾಷೆ ಕಂಪನಿಯ ಇಷ್ಟ. ಇತ್ತ ನಮ್ಮ ರಾಜ್ಯದ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, ಇಲ್ಲೇ ತಯಾರಾಗಿ ಇಲ್ಲೇ ಮಾರಾಟವಾಗುವ ವಸ್ತುಗಳ ಹೆಸರು ಮತ್ತು ಬಳಸುವ ವಿಧಾನ ಕನ್ನಡದಲ್ಲೂ ಇರಲಿ ಅನ್ನುತ್ತದೆ. ಒಳಗೇನಿದೆ ಅನ್ನೋ ಸಾಲು ಎರಡರ ನಡುವೆ ಬಿದ್ದುಹೋಗಿದೆ. 'ಇಂಗು' ಅಂತ ಕನ್ನಡದಲ್ಲಿ ಓದಿ ಆ ಅವ್ವನಿಗೆ ಆಗಬೇಕಾದ್ದೇನು? ಡಬ್ಬಿ ಮೂಸಿದರೇ ಗೊತ್ತಾಗುತ್ತದೆ.

ಸೀಲಿಯಾಕ್ ಇರೋರು ನಮ್ಮ ಕಡೆ ಕಡಿಮೆ, ನಿಜ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಉತ್ತರ ಭಾರತದಲ್ಲಿ ಸುಮಾರು ನೂರಕ್ಕೆ ಒಬ್ಬರು, ದಕ್ಷಿಣದಲ್ಲಿ ಹತ್ತು ಸಾವಿರಕ್ಕೆ ಒಬ್ಬರು ಅನ್ನುತ್ತದೆ. ಅಷ್ಟು ಕಡಿಮೆ ಅಂದರೂ ನಮ್ಮ ಕ್ಯಾಂಪಸ್ಸಿನಲ್ಲೇ ಇನ್ನೂ ಒಬ್ಬರು ಇರಬಹುದು, ಗೊತ್ತಿಲ್ಲದೆ ಗುಳಿಗೆ ನುಂಗುತ್ತಾ. ಶೇಂಗಾ, ಹಾಲು, ಸೋಯಾ ಆಗದವರಿಗೂ ಬೇಕಾಗಿರೋದು ಇದೇ ಸಾಲು.

ನವೆಂಬರ್‌ನಲ್ಲಿ ನಮ್ಮ ಸಂಘ ಧ್ವಜ ಹಾರಿಸುತ್ತದೆ, ಡೊಳ್ಳು ಕುಣಿತ ಮಾಡಿಸುತ್ತದೆ. ಮಾಡೋಣ, ನನಗೂ ಇಷ್ಟ. ಈ ಸಲ ಜೊತೆಗೆ ಒಂದು ಮನವಿ ಬರೆದು ಕನ್ನಡ ಅಭಿವೃದ್ಧಿ ಪ್ರಾಧಿಕಾರಕ್ಕೂ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರಕ್ಕೂ ಕಳಿಸೋಣ: ಕರ್ನಾಟಕದಲ್ಲಿ ಮಾರುವ ಪ್ಯಾಕೆಟ್ ಮೇಲೆ ಅಲರ್ಜಿ ಸೂಚನೆ ಕನ್ನಡದಲ್ಲೂ ಇರಲಿ. 'ಗೋಧಿ ಇದೆ', ಎರಡೇ ಪದ. ಆ್ಯಪ್ ಮಾಡೋಣ ಅಂತ ಸಿಎಸ್‌ನವನೊಬ್ಬ ಎದ್ದು ನಿಂತೇ ನಿಲ್ಲುತ್ತಾನೆ. ಮಾಡಲಿ, ಆದರೆ ಮನವಿಗೆ ಸಹಿ ಹಾಕಿ ಮಾಡಲಿ.

ಅಲ್ಲಿಯವರೆಗೆ ಗೆಳೆಯ ಒಂದು ಉಪಾಯ ಹೂಡಿದ್ದಾನೆ. ವ್ಹೀಟ್, ಬಾರ್ಲಿ, ಮಾಲ್ಟ್, ಸೆಮೊಲಿನಾ, ಮೈದಾ ಇವನ್ನೆಲ್ಲ ಒಂದು ಚೀಟಿಯಲ್ಲಿ ದೊಡ್ಡ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕೊಟ್ಟಿದ್ದಾನೆ. ಅವ್ವ ಅದನ್ನು ಮಡಚಿ ಚಂಚಿಯಲ್ಲಿ ಇಟ್ಟುಕೊಂಡು ಕಿರಾಣಿ ಅಂಗಡಿಗೆ ಹೋಗುತ್ತಾರೆ. ಪ್ಯಾಕೆಟ್ ಪಕ್ಕ ಚೀಟಿ ಹಿಡಿದು, ಒಂದೊಂದೇ ಅಕ್ಷರದ ಆಕಾರ ಹೊಂದಿಸಿ ನೋಡುತ್ತಾರೆ.