ವಲ್ಲಿಯ ಮರೆಯ ಮುಂಗಡಪತ್ರ

ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿ ನಮ್ಮ ಸೀಮೆಯವರಿಗೆ ಎರಡು ಕಾರಣಗಳಿಂದ ಪರಿಚಿತ. ಒಂದು, ಹೇಮಾವತಿಯ ದಂಡೆಯ ಕಲ್ಯಾಣ ವೆಂಕಟರಮಣಸ್ವಾಮಿಯ ಸನ್ನಿಧಿ. ಇನ್ನೊಂದು, ರಥಸಪ್ತಮಿಯ ಸುಮಾರಿಗೆ ಸೇರುವ ದನಗಳ ಜಾತ್ರೆ. ಆ ಜಾತ್ರೆಯಲ್ಲಿ ವ್ಯಾಪಾರ ಕುದುರುವ ಬಗೆಯನ್ನು ಪಟ್ಟಣದವರು ಒಮ್ಮೆಯಾದರೂ ನೋಡಬೇಕು. ಕೊಳ್ಳುವವನು ಎತ್ತಿನ ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಆಮೇಲೆ ದಲ್ಲಾಳಿ ಕೈಯ ಮೇಲೆ ವಲ್ಲಿ ಹೊದಿಸಿ, ಅದರ ಮರೆಯಲ್ಲಿ ಬೆರಳು ಹಿಡಿದು ಬೆಲೆ ಮಾತಾಡುತ್ತಾನೆ. ಸುತ್ತ ನಿಂತವರಿಗೆ ಏನೂ ತಿಳಿಯದು.

ಇದು ಗುಟ್ಟಿನ ವ್ಯಾಪಾರವೇ ಸರಿ. ಆದರೂ ದುಡ್ಡು ಯಾರ ಗಂಟಿನಿಂದ ಹೋಗಬೇಕೋ ಅವನ ಕೈ ವಲ್ಲಿಯ ಒಳಗೇ ಇರುತ್ತದೆ. ನಮ್ಮ ಊರುಗಳ ಮುಂಗಡಪತ್ರವೂ ವಲ್ಲಿಯ ಮರೆಯಲ್ಲೇ ಕುದುರುತ್ತದೆ. ವ್ಯತ್ಯಾಸವಿಷ್ಟೆ: ಕಂದಾಯ ಕಟ್ಟಿದವನ ಕೈ ಅಲ್ಲಿಲ್ಲ.

ಮುಂಗಡಪತ್ರಕ್ಕೆ ಮೊದಲು ಸಾರ್ವಜನಿಕರ ಅಭಿಪ್ರಾಯ ಕೇಳಬೇಕೆಂಬ ನಿಯಮ ಇಲ್ಲದಿಲ್ಲ. ಪೌರಸಂಸ್ಥೆಗಳ ಲೆಕ್ಕಪತ್ರ ಮತ್ತು ಆಯವ್ಯಯವನ್ನು ಕುರಿತ 2006ರ ರಾಜ್ಯ ನಿಯಮಗಳು ಇದನ್ನು ಹೇಳುತ್ತವೆ. ಅಂಥದೊಂದು ಪೂರ್ವಭಾವಿ ಸಭೆಗೆ ನಾನೂ ಹೋಗಿದ್ದೆ; ಊರಿನ ಹೆಸರು ಬೇಡ. ಹೊತ್ತು ಬೆಳಗಿನ ಹನ್ನೊಂದು ಗಂಟೆ, ಅದೂ ಕೆಲಸದ ದಿನ. ಬಂದಿದ್ದವರು ನಾಲ್ವರು ನಿವೃತ್ತರು, ಇಬ್ಬರು ಗುತ್ತಿಗೆದಾರರು, ಹೂವು ಮಾರುವ ಒಬ್ಬ ಹೆಂಗಸು, ಮತ್ತು ನಾನು. ಆಕೆ ಕೇಳಿದ್ದು ಒಂದೇ ಮಾತು: "ನಮ್ಮ ಬೀದಿ ಚರಂಡಿಗೆ ಮೂರು ವರ್ಷದಿಂದ ಹೇಳ್ತಾ ಇದ್ದೀವಿ ಸ್ವಾಮಿ, ಈ ಸಲವಾದರೂ ಬರೆದುಕೊಂಡಿದ್ದೀರಾ?" ಉತ್ತರ: "ಪರಿಶೀಲಿಸಲಾಗುವುದು, ಕೂತ್ಕೊಳಮ್ಮ." ಅಂಕಿಗಳ ಹಾಳೆಯನ್ನು ನಮಗೆ ಯಾರೂ ಕೊಡಲಿಲ್ಲ. ಬಿಸ್ಕತ್ತು, ಕಾಫಿ ಕೊಟ್ಟರು. ತಿಂಗಳ ಮೇಲೆ ಪತ್ರಿಕೆಯಲ್ಲಿ ಉಳಿತಾಯ ಮುಂಗಡಪತ್ರ ಮಂಡನೆಯಾದ ಸುದ್ದಿ ಬಂತು. ಚರಂಡಿ ತೆರೆದುಕೊಂಡೇ ಇರುವ ಊರಿನಲ್ಲಿ ಉಳಿತಾಯವೆಂದರೇನು? ಮಾಡಬೇಕಾದ ಕೆಲಸ ಮಾಡಿಲ್ಲ, ಅಥವಾ ಬಾರದ ಆದಾಯವನ್ನು ಬರೆದುಕೊಂಡಿದ್ದಾರೆ. ಎರಡರಲ್ಲಿ ಯಾವುದೂ ಜಂಬಪಡುವ ಸಂಗತಿಯಲ್ಲ.

ಇದಕ್ಕಿಂತ ವಿಚಿತ್ರವಾದದ್ದು ಕಾನೂನಿನಲ್ಲೇ ಇದೆ. ಹೇಮಗಿರಿಯ ಪಕ್ಕದ ಬಂಡಿಹೊಳೆಯಂಥ ಹಳ್ಳಿಯ ಮತದಾರನಿಗೆ 1993ರ ಪಂಚಾಯತ್ ರಾಜ್ ಕಾಯಿದೆಯ ಪ್ರಕಾರ ಗ್ರಾಮಸಭೆಯಲ್ಲಿ ಕೂರುವ ಹಕ್ಕಿದೆ. ಯಾವ ಕೆಲಸ ಮೊದಲು, ಯಾರಿಗೆ ಮನೆ ಎಂದು ಅಲ್ಲಿ ಎದ್ದುನಿಂತು ಕೇಳಬಹುದು. ಅದೇ ಮನುಷ್ಯ ಮಗಳ ಓದಿಗೆಂದು ಕೃಷ್ಣರಾಜಪೇಟೆಯಲ್ಲಿ ಮನೆ ಮಾಡಿದನೆನ್ನಿ, ಆ ಹಕ್ಕು ಹೋಯಿತು! ಸಂವಿಧಾನದ 74ನೆಯ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂದಾಗ, ವಾರ್ಡು ಸಮಿತಿಗಳನ್ನು ಕಡ್ಡಾಯ ಮಾಡಿದ್ದು ಮೂರು ಲಕ್ಷ ಅಥವಾ ಹೆಚ್ಚು ಜನಸಂಖ್ಯೆಯ ಊರುಗಳಿಗೆ ಮಾತ್ರ. ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲ, ಕೃಷ್ಣರಾಜಪೇಟೆ ನಾಲ್ಕನ್ನೂ ಕೂಡಿಸಿದರೂ ಆ ಲೆಕ್ಕ ತುಂಬದು. ಹಳ್ಳಿಯವನಾಗಿದ್ದಾಗ ವಿವೇಕಿಯಾಗಿದ್ದವನು ಪಟ್ಟಣಕ್ಕೆ ಬಂದೊಡನೆ ಅವಿವೇಕಿಯಾದನೇ? ಗ್ರಾಮಸಭೆಗಳು ಎಷ್ಟೋ ಕಡೆ ಕಾಗದದ ಮೇಲೇ ಮುಗಿಯುತ್ತವೆ ಎಂಬುದು ನಿಜ. ಆದರೆ ಇರುವ ಹಕ್ಕನ್ನು ಕೇಳಿ ಜಗಳವಾಡಬಹುದು. ಇಲ್ಲದ ಹಕ್ಕಿಗೆ ಅರ್ಜಿಯನ್ನಷ್ಟೇ ಬರೆಯಬಹುದು.

ದೊಡ್ಡ ನಗರದವರ ಪಾಡಾದರೂ ನೆಟ್ಟಗಿದೆಯೇ? ಬೆಂಗಳೂರಿನಲ್ಲಿ 2015ರಿಂದ ಜನಾಗ್ರಹ ಸಂಸ್ಥೆ 'ನನ್ನ ನಗರ ನನ್ನ ಬಜೆಟ್' ಎಂಬ ಅಭಿಯಾನ ನಡೆಸಿ, ನಾಗರಿಕರ ಬೇಡಿಕೆಗಳನ್ನು ವಾರ್ಡುವಾರು ಕಲೆಹಾಕಿ ಪಾಲಿಕೆಗೆ ಕೊಟ್ಟಿತು. ಒಳ್ಳೆಯ ಕೆಲಸ. ಆದರೆ 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಅಷ್ಟು ದೊಡ್ಡ ನಗರದ ಮುಂಗಡಪತ್ರಗಳು ಅಧಿಕಾರಿಗಳ ಕೈಯಲ್ಲೇ ಸಿದ್ಧವಾದವು. 2025ರಲ್ಲಿ ಪಾಲಿಕೆ ಐದಾಗಿ ಒಡೆದದ್ದೂ ಚುನಾಯಿತ ಸದಸ್ಯರಿಲ್ಲದ ಕಾಲದಲ್ಲೇ. ಕೇಳುವ ಜನರಿದ್ದರೂ ಉತ್ತರ ಹೇಳಲೇಬೇಕಾದವನು ಇಲ್ಲದಿದ್ದರೆ ಬೇಡಿಕೆ ಬರಿಯ ಬೇಡಿಕೆಯಾಗಿಯೇ ಉಳಿಯುತ್ತದೆ.

ಪುರಪಿತೃಗಳ ಕಡೆಯ ವಾದಗಳನ್ನೂ ಕೇಳಿದ್ದೇನೆ. "ಜನರಿಗೆ ಆಯವ್ಯಯ ತಿಳಿಯದು" ಎಂಬುದು ಮೊದಲನೆಯದು. ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುವವನಿಗೆ, ತಿಂಗಳ ಸಂಬಳದಲ್ಲಿ ಮನೆ ನಡೆಸುವ ಗೃಹಿಣಿಗೆ, ಜಮೆ ಖರ್ಚು ತಿಳಿಯದೇ? 1881ರಲ್ಲಿ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕರೆದು, ಸಂಸ್ಥಾನದ ಜಮಾ ಖರ್ಚನ್ನು ರೈತರ, ವರ್ತಕರ ಮುಂದೆ ವಿವರಿಸಿದರು. ಆ ಸಭೆಗೆ ನಿರ್ಣಯಿಸುವ ಅಧಿಕಾರ ಇರಲಿಲ್ಲ. ಆದರೂ ಕೇಳುವವರು ದಡ್ಡರೆಂದು ದಿವಾನರು ಭಾವಿಸಲಿಲ್ಲ. ಅರಸೊತ್ತಿಗೆಗೆ ಇದ್ದ ನಂಬಿಕೆ ನಮ್ಮ ಗಣರಾಜ್ಯದ ಪುರಸಭೆಗೆ ಬೇಡವೇ?

"ನಾವು ಚುನಾಯಿತರು, ಮತ್ತೇಕೆ ಕೇಳಬೇಕು?" ಎಂಬುದು ಎರಡನೆಯದು. ಐದು ವರ್ಷಕ್ಕೊಮ್ಮೆ ಹಾಕಿದ ಮತ ಗುಮಾಸ್ತನನ್ನು ನೇಮಿಸಿದಂತೆ. ಪೆಟ್ಟಿಗೆಯ ಬೀಗದ ಕೈ ಕೊಟ್ಟು ಮರೆತಂತೆ ಅಲ್ಲ. "ಸಂಬಳ, ವಿದ್ಯುತ್ತು, ನೀರಿಗೇ ಹಣ ಹೋಗುತ್ತದೆ; ಸರಕಾರದ ಅನುದಾನಕ್ಕೆ ಷರತ್ತುಗಳಿವೆ; ಉಳಿಯುವುದೆಷ್ಟು?" ಎಂಬುದು ಮೂರನೆಯದು. ಇದರಲ್ಲಿ ಹುರುಳಿದೆ. ಹಾಗಿದ್ದರೆ ಅದನ್ನೇ ಬಾಯಿಬಿಟ್ಟು ಹೇಳಿ, ಉಳಿದ ಚೂರನ್ನಾದರೂ ಜನರ ತೀರ್ಮಾನಕ್ಕೆ ಬಿಡಲಿ. ಬ್ರೆಜಿಲಿನ ಪೋರ್ತೊ ಅಲೆಗ್ರೆ ನಗರ 1989ರಲ್ಲಿ ಈ ಪ್ರಯೋಗ ಆರಂಭಿಸಿತು. ಕೇರಳ 1996ರಲ್ಲಿ ಜನತಾ ಯೋಜನೆಯ ಹೆಸರಿನಲ್ಲಿ ಯೋಜನಾ ಹಣದ ಮೂರರಲ್ಲೊಂದು ಪಾಲಿಗೂ ಹೆಚ್ಚನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟಿತು. ಪುಣೆಯ ಪಾಲಿಕೆ 2006ರಿಂದ ನಾಗರಿಕರು ಸೂಚಿಸಿದ ಸಣ್ಣ ಕೆಲಸಗಳನ್ನು ಮುಂಗಡಪತ್ರದಲ್ಲಿ ಸೇರಿಸಿಕೊಳ್ಳತೊಡಗಿತು. ಅಲ್ಲೆಲ್ಲ ಆಕಾಶವೇನೂ ಕಳಚಿ ಬೀಳಲಿಲ್ಲ.

ಇನ್ನು ನಮ್ಮ ಮಾತು. ಪತ್ರಿಕೆ ಓದುವ ನಾವು, ಮೇಷ್ಟರು, ವಕೀಲರು, ಬ್ಯಾಂಕಿನವರು, ರಸ್ತೆಯ ಗುಂಡಿಯ ಬಗ್ಗೆ ವಾಚಕರ ವಾಣಿಗೆ ಬರೆದು ಕೈತೊಳೆದುಕೊಳ್ಳುತ್ತೇವೆ. ಅಂದಿನ ಸಭೆಯಲ್ಲಿ ಆ ಹೆಂಗಸಿನ ಪರವಾಗಿ ನಾನೂ ಬಾಯಿ ತೆರೆಯಲಿಲ್ಲ. ಕಾಫಿ ಕುಡಿದು ಎದ್ದು ಬಂದೆ. ಆ ನಾಚಿಕೆಯೇ ಈ ಬರಹಕ್ಕೆ ಕಾರಣ.

ಕೇಳಬೇಕಾದದ್ದು ದೊಡ್ಡದೇನಲ್ಲ. ಸಭೆ ಕಛೇರಿಯಲ್ಲಿ ಬೇಡ, ವಾರ್ಡಿನ ಶಾಲೆಯಲ್ಲೋ ಗುಡಿಯ ಜಗಲಿಯಲ್ಲೋ ಭಾನುವಾರ ಸಂಜೆ ನಡೆಯಲಿ. ಹಿಂದಿನ ವರ್ಷ ಆ ವಾರ್ಡಿಗೆ ಬಂದದ್ದೆಷ್ಟು, ಖರ್ಚಾದದ್ದೆಷ್ಟು ಎಂಬುದನ್ನು ತಿಳಿಗನ್ನಡದಲ್ಲಿ ಒಂದು ಹಾಳೆ ಅಚ್ಚುಹಾಕಿಸಿ ವಾರ ಮೊದಲೇ ಹಂಚಲಿ. ಮುಂಗಡಪತ್ರದ ಒಂದು ಗೊತ್ತಾದ ಪಾಲನ್ನು ಆ ಸಭೆಯೇ ಹಂಚಲಿ. ಪ್ರತಿ ಬೇಡಿಕೆಗೂ ಆಯಿತು ಅಥವಾ ಆಗದು ಎಂದು, ಆಗದಿದ್ದರೆ ಏಕೆಂದು, ಲಿಖಿತ ಉತ್ತರ ಬರಲಿ. ಮರುವರ್ಷ ಅದೇ ಜಗಲಿಯ ಮೇಲೆ ಲೆಕ್ಕ ಓದಲಿ.

ಮುಂದಿನ ಪೂರ್ವಭಾವಿ ಸಭೆಯ ಪ್ರಕಟಣೆ ಬಂದಾಗ ನಾನು ಹೋಗುತ್ತೇನೆ. ಮೊದಲು ಅಂಕಿಗಳ ಹಾಳೆ ಕೇಳುತ್ತೇನೆ, ಆಮೇಲೆ ಆ ಚರಂಡಿಯ ವಿಚಾರ. ನೀವೂ ನಿಮ್ಮ ನಿಮ್ಮ ಊರಿನಲ್ಲಿ ಹೋಗಿ. ವಲ್ಲಿಯ ಒಳಕ್ಕೆ ಕೈ ಇಡುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ, ದುಡ್ಡು ನಮ್ಮದು.